ಪೆನ್ನು ಹೊರಗಿಟ್ಟು ಒಳಗೆ ಹೋದ ಮೂರು ದಿನ

ಇದೆಲ್ಲ ಶುರುವಾದದ್ದು ಶ್ರೀರಂಗಪಟ್ಟಣದ ಗಂಜಾಂನಿಂದ ಬಂದ ಒಂದು ಫೋನಿನಿಂದ. ನಮ್ಮ ಸೋದರಮಾವ ಹೈಸ್ಕೂಲಿನಲ್ಲಿ ಚರಿತ್ರೆ ಮೇಷ್ಟರಾಗಿದ್ದವರು. ನಿವೃತ್ತಿಯಾಗಿ ವರ್ಷಗಳೇ ಆದರೂ ಶ್ರೀರಂಗಪಟ್ಟಣದ ವಿಷಯ ಎಲ್ಲಿ ಸಿಕ್ಕರೂ ನೋಟ್‌ಬುಕ್ಕಿನಲ್ಲಿ ಇಳಿಸಿಕೊಳ್ಳುವುದು ನಿಂತಿಲ್ಲ.

"ಅವ್ವಾ, ನೀನಿರೋದು ವೇಲ್ಸ್ ತಾನೆ?"

"ಹೂಂ ಮಾವ, ಕಾರ್ಡಿಫ್."

"ಟಿಪ್ಪು ಸತ್ತ ಮಾರನೇ ವರ್ಷ ಮದ್ರಾಸ್ ಗೌರ್ನರ ಹೆಂಡ್ತಿ ಇಲ್ಲಿಗೆ ಬಂದಿದ್ಲು, ಗೊತ್ತಾ? ಹೆಣ್ಮಕ್ಕಳನ್ನೂ ಕಟ್ಕಂಡು. ಆ ಯಮ್ಮ ಬರೆದ ಕಾಗದ ಎಲ್ಲಾ ನಿಮ್ಮ ವೇಲ್ಸಲ್ಲೇ ಐತಂತೆ. ಒಂದ್ಸಲ ಹೋಗಿ ನೋಡ್ಕಂಡ್ ಬಾ ಕಣವ್ವ."

ಪಕ್ಕದ ಬೀದಿಯಿಂದ ಕೊತ್ತಂಬರಿ ಸೊಪ್ಪು ತಂದುಬಿಡು ಅನ್ನುವ ಧಾಟಿ. ಮಾವ ಹೇಳಿದ್ದು ಹೆನ್ರಿಯೆಟ್ಟಾ ಕ್ಲೈವ್ ವಿಷಯ. ಪ್ಲಾಸಿಯ ರಾಬರ್ಟ್ ಕ್ಲೈವನ ಸೊಸೆ ಈಕೆ. ಗಂಡ ಎಡ್ವರ್ಡ್ ಕ್ಲೈವ್ 1798ರಿಂದ 1803ರವರೆಗೆ ಮದ್ರಾಸಿನ ಗವರ್ನರ್. 1800ರಲ್ಲಿ ಗಂಡನನ್ನು ಮದ್ರಾಸಿನಲ್ಲೇ ಬಿಟ್ಟು, ಇಬ್ಬರು ಹೆಣ್ಣುಮಕ್ಕಳನ್ನೂ ಅನ್ನಾ ಟೊನೆಲ್ಲಿ ಎಂಬ ಇಟಲಿಯ ಚಿತ್ರಕಾರ್ತಿಯನ್ನೂ ಕರೆದುಕೊಂಡು ಬೆಂಗಳೂರು, ಶ್ರೀರಂಗಪಟ್ಟಣ ಸುತ್ತಿ ತಿಂಗಳುಗಟ್ಟಲೆ ತಿರುಗಿದವಳು. ಅವಳ ಮನೆ ನಾನು ನೋಡಿದ್ದೆ. ವೆಲ್ಷ್‌ಪೂಲ್ ಊರಿನ ಪೋವಿಸ್ ಕೋಟೆ. ಅಲ್ಲಿನ ಕ್ಲೈವ್ ಮ್ಯೂಸಿಯಂನಲ್ಲಿ ಟಿಪ್ಪುವಿನ ಹೂಬಳ್ಳಿ ಚೀಟಿಬಟ್ಟೆಯ ಡೇರೆ ಇದೆ, ಸಿಂಹಾಸನದ ಚಿನ್ನದ ಹುಲಿಮುಖ ಒಂದಿದೆ. ಅವತ್ತು ಹುಲಿಮುಖದ ಮುಂದೆ ನಿಂತು ಹೊಟ್ಟೆ ಉರಿಸಿಕೊಂಡು ಬಂದಿದ್ದೆ. ಮನೆಯಲ್ಲಿ ಕಾಗದಪತ್ರವೂ ಇರುತ್ತದೆ ಅನ್ನುವುದು ಹೊಳೆದಿರಲಿಲ್ಲ.

ಪೋವಿಸ್ ಮನೆತನದ ಕಾಗದಗಳು ಒಂದೇ ಕಡೆ ಇಲ್ಲ ಅನ್ನುವುದು ಮೊದಲು ಗೊತ್ತಾಯಿತು. ಅಣ್ಣತಮ್ಮಂದಿರು ಪಾಲಾದ ಮನೆಯ ಪಾತ್ರೆಗಳ ಹಾಗೆ ಒಂದಷ್ಟು ಅಬೆರಿಸ್ಟ್ವಿತ್‌ನಲ್ಲಿರುವ ವೇಲ್ಸ್ ರಾಷ್ಟ್ರೀಯ ಗ್ರಂಥಾಲಯದಲ್ಲಿ, ಒಂದಷ್ಟು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ, ಒಂದಷ್ಟು ಗಡಿಯಾಚೆ ಶ್ರೂಸ್‌ಬರಿಯಲ್ಲಿ. ರಜೆ ಇದ್ದದ್ದು ಮೂರು ದಿನ. ಅಬೆರಿಸ್ಟ್ವಿತ್‌ಗೇ ಹೋಗುವುದು ಅಂದುಕೊಂಡೆ.

ಮನೆಯಲ್ಲೇ ಕೂತು ಗ್ರಂಥಾಲಯದ ಆನ್‌ಲೈನ್ ಕ್ಯಾಟಲಾಗ್ ತೆರೆದೆ. 'ಟಿಪ್ಪು ಸುಲ್ತಾನ್' ಅಂತ ಹೊಡೆದೆ. ಸಿಕ್ಕಿದ್ದು ಅಷ್ಟಕ್ಕಷ್ಟೆ. 'ಮೈಸೂರು' ಹಾಕಿದೆ. ಆ ಕಾಲದವರು ಬರೆಯುತ್ತಿದ್ದ ಹಾಗೆ 'ಟಿಪ್ಪೂ', 'ಸೆರಿಂಗಪಟಂ' ಅಂತಲೂ ಹಾಕಿದೆ. ಒಂದೆರಡು ಸಿಕ್ಕವು, ಆದರೆ ಯಾವುದೂ ನನಗೆ ಬೇಕಾದದ್ದಲ್ಲ. ಕೊನೆಗೆ ಗ್ರಂಥಾಲಯಕ್ಕೇ ಒಂದು ಇಮೇಲ್ ಬರೆದೆ. ಬಂದ ಉತ್ತರ ಚಿಕ್ಕದು, ಆದರೆ ಅದನ್ನು ಮೊದಲೇ ಯಾರಾದರೂ ಹೇಳಿದ್ದರೆ ನನ್ನ ಎರಡು ರಾತ್ರಿ ಉಳಿಯುತ್ತಿತ್ತು: ವಿಷಯ ಹುಡುಕಬೇಡಿ, ಯಾರು ಯಾರಿಗೆ ಬರೆದರು ಅನ್ನುವುದನ್ನು ಹುಡುಕಿ.

ಪುಸ್ತಕಗಳನ್ನು ಜೋಡಿಸುವ ಹಾಗೆ ಇಂಥ ಕಾಗದಗಳನ್ನು ವಿಷಯವಾರು ಜೋಡಿಸುವುದಿಲ್ಲ. ಮನೆಯವರು ಹೇಗೆ ಕಟ್ಟಿ ಇಟ್ಟಿದ್ದರೋ ಆ ಕಟ್ಟು ಬಿಚ್ಚಿಹೋಗದ ಹಾಗೆ, ಒಂದು ಮನೆಯದ್ದನ್ನು ಇನ್ನೊಂದು ಮನೆಯದ್ದರ ಜೊತೆ ಬೆರೆಸದೆ ಕಾಯುತ್ತಾರೆ. ಹಾಗಾಗಿ ಶ್ರೀರಂಗಪಟ್ಟಣದ ಸುದ್ದಿ 'ಮೈಸೂರು' ಅನ್ನುವ ಚೀಟಿಯ ಕೆಳಗೆ ಸಿಗುವುದಿಲ್ಲ. ವೇಲ್ಸಿನ ಹೊಲಗಳ ಗುತ್ತಿಗೆ ಲೆಕ್ಕ, ಮದುವೆ ಕರಾರು, ಗಡಿ ನಕ್ಷೆ ಇವುಗಳ ನಡುವೆ, ಗಂಡನಿಗೆ ಬಂದ ಕಾಗದಗಳ ಕಟ್ಟಿನೊಳಗೆ ಕೂತಿರುತ್ತದೆ. ನಾನು ಹೆನ್ರಿಯೆಟ್ಟಾಳನ್ನು ಹುಡುಕಬೇಕಿದ್ದರೆ ಮೊದಲು ಎಡ್ವರ್ಡನ ಮನೆ ಬಾಗಿಲು ತಟ್ಟಬೇಕು.

ಕಾರ್ಡಿಫ್‌ನಿಂದ ಅಬೆರಿಸ್ಟ್ವಿತ್‌ಗೆ ರೈಲಿನಲ್ಲಿ ಹೋಗುವವರು ಇಂಗ್ಲೆಂಡಿಗೆ ಹೋಗಿ ಬರಬೇಕು. ತಮಾಷೆಯಲ್ಲ. ಕಾರ್ಮಾರ್ಥೆನ್ ಮೂಲಕ ನೇರ ಹೋಗುತ್ತಿದ್ದ ದಾರಿಯಲ್ಲಿ ಪ್ರಯಾಣಿಕರ ರೈಲು 1965ರಲ್ಲೇ ನಿಂತಿತು. ಈಗ ಶ್ರೂಸ್‌ಬರಿಯಲ್ಲಿ ಇಳಿದು, ಬೇರೆ ಗಾಡಿ ಹತ್ತಿ, ಮತ್ತೆ ವೇಲ್ಸಿಗೆ ಬರಬೇಕು. ವೆಲ್ಷ್‌ಪೂಲ್ ಸ್ಟೇಷನ್ನಿನಲ್ಲಿ ಗಾಡಿ ನಿಂತಾಗ ಹೆನ್ರಿಯೆಟ್ಟಾಳ ತವರಿಗೊಂದು ನಮಸ್ಕಾರ ಹಾಕಿದೆ. ಹೌದು, ತವರಿಗೇ. ಪೋವಿಸ್ ಕ್ಲೈವರ ಕೋಟೆಯಲ್ಲ, ಹೆನ್ರಿಯೆಟ್ಟಾಳ ಹುಟ್ಟುಮನೆಯಾದ ಹರ್ಬರ್ಟ್ ಮನೆತನದ್ದು. ಅವಳ ಅಣ್ಣ 1801ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. ಆಸ್ತಿ ಅವಳ ಮಗನಿಗೆ ಬಂತು, ಅದಕ್ಕಾಗಿ ಮಗ 1807ರಲ್ಲಿ ಕ್ಲೈವ್ ಅನ್ನುವುದನ್ನು ಬಿಟ್ಟು ಹರ್ಬರ್ಟ್ ಅಂತ ಹೆಸರು ಬದಲಿಸಿಕೊಂಡ. ಇಷ್ಟಾದರೂ ಮ್ಯೂಸಿಯಂನ ಬೋರ್ಡು ಹೇಳುವುದು ಕ್ಲೈವ್ ಅಂತಲೇ.

ಗ್ರಂಥಾಲಯ ಊರಿನ ತಲೆಯ ಮೇಲೆ, ಪೆಂಗ್ಲೈಸ್ ಗುಡ್ಡದಲ್ಲಿದೆ. ಏರುವಷ್ಟರಲ್ಲಿ ಏದುಸಿರು. ತಿರುಗಿ ನೋಡಿದರೆ ಕೆಳಗೆ ಕಾರ್ಡಿಗನ್ ಕೊಲ್ಲಿ, ಬೂದು ಬಣ್ಣದ ಕಡಲು. 1907ರಲ್ಲಿ ಗ್ರಂಥಾಲಯಕ್ಕೂ ರಾಷ್ಟ್ರೀಯ ಮ್ಯೂಸಿಯಂಗೂ ಒಟ್ಟಿಗೇ ಸನ್ನದು ಸಿಕ್ಕಿತು. ಎರಡೂ ನಮಗೇ ಬೇಕು ಅಂತ ಕಾರ್ಡಿಫ್‌ನವರು, ಗ್ರಂಥಾಲಯ ಬಿಡುವುದಿಲ್ಲ ಅಂತ ಅಬೆರಿಸ್ಟ್ವಿತ್‌ನವರು. ವಿಕ್ಟೋರಿಯಾ ರಾಣಿಯ ಮನೆತನಕ್ಕೆ ವೈದ್ಯರಾಗಿದ್ದ ಸರ್ ಜಾನ್ ವಿಲಿಯಮ್ಸ್, ತಮ್ಮ ಹಸ್ತಪ್ರತಿ ಸಂಗ್ರಹ ಕೊಡುವುದಾದರೆ ಅಬೆರಿಸ್ಟ್ವಿತ್‌ಗೇ ಅಂತ ಪಟ್ಟು ಹಿಡಿದರು. ಮ್ಯೂಸಿಯಂ ಕಾರ್ಡಿಫ್‌ಗೆ, ಗ್ರಂಥಾಲಯ ಇಲ್ಲಿಗೆ ಅಂತ ಪಾಲಾಯಿತು. ಹೆನ್ರಿಯೆಟ್ಟಾ ಕಲ್ಲು, ಖನಿಜ ಕೂಡಿಡುವ ಹುಚ್ಚಿನವಳು. ಆ ಸಂಗ್ರಹ ನಮ್ಮ ಕಾರ್ಡಿಫ್ ಮ್ಯೂಸಿಯಂನಲ್ಲಿದೆ. ಅವಳ ಕಲ್ಲು ನಮ್ಮೂರಲ್ಲಿ, ಅವಳ ಕಾಗದ ಬೆಟ್ಟದ ಮೇಲೆ.

ಬಾಗಿಲಲ್ಲಿ "ಬೋರೆ ದಾ" ಅಂದರು. ಶುಭೋದಯ ಅಂತ. ಇಲ್ಲಿ ಮೊದಲ ಮಾತು ವೆಲ್ಷ್‌ನಲ್ಲೇ, ಆಮೇಲೆ ನಮ್ಮ ಮುಖ ನೋಡಿ ಇಂಗ್ಲಿಷ್. ಗ್ರಂಥಾಲಯಕ್ಕೆ ಅವರ ಮಾತಿನಲ್ಲಿ ಹೇಳುವ ಪದದ ಶುರುವಿನಲ್ಲೇ ಅವರ ಆ ಪ್ರಸಿದ್ಧ ಜೋಡಿ ಲಕಾರ ಬರುತ್ತದೆ. ಅದು ನಮ್ಮ ಲ ಅಲ್ಲ, ಳ ಕೂಡ ಅಲ್ಲ. ನಾಲಗೆಯನ್ನು ಲ ಅನ್ನುವ ಜಾಗದಲ್ಲಿ ಇಟ್ಟು ಪಕ್ಕದಿಂದ ಗಾಳಿ ಬಿಡಬೇಕು. ಬಿಸಿ ಕಾಫಿ ಊದಿದ ಹಾಗೆ ಕೇಳಿಸುತ್ತದೆ. ನಾನು ಪ್ರಯತ್ನಪಟ್ಟೆ, ಆಕೆ ಸಭ್ಯತೆಯಿಂದ ನಗಲಿಲ್ಲ.

ಗುರುತಿನ ಚೀಟಿ ಒಂದು, ವಿಳಾಸದ ಪುರಾವೆ ಒಂದು ತೋರಿಸಿದ ಮೇಲೆ ರೀಡರ್ಸ್ ಟಿಕೆಟ್ ಕೈಗೆ ಬಂತು. ಕೋಟು, ಬ್ಯಾಗು, ನೀರಿನ ಬಾಟಲಿ, ಪೆನ್ನು ಎಲ್ಲ ಲಾಕರಿಗೆ. ಒಳಗೆ ಪೆನ್ಸಿಲ್, ಲ್ಯಾಪ್‌ಟಾಪ್, ಫೋನು. ನಾನು ಬಿಳಿ ಕೈಗವಸು ಕೊಡುತ್ತಾರೆ ಅಂತ ಕಾಯುತ್ತಿದ್ದೆ, ಟೀವಿಯಲ್ಲಿ ಹಾಗೇ ತೋರಿಸುತ್ತಾರಲ್ಲ. ಕಾಗದಕ್ಕೆ ಕೈಗವಸು ಬೇಡವಂತೆ. ಬಟ್ಟೆ ಹಾಕಿದ ಬೆರಳಿಗೆ ಕಾಗದದ ಅಂಚು ತಿಳಿಯುವುದಿಲ್ಲ, ಹರಿಯುವುದೇ ಹಾಗೆ. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು ಬನ್ನಿ, ಸಾಕು ಅಂದರು. ಊರಿನಲ್ಲಿ ಅಜ್ಜಿ ಉಪ್ಪಿನಕಾಯಿ ಜಾಡಿ ಮುಟ್ಟಲು ಇಡುತ್ತಿದ್ದ ಷರತ್ತು.

ಮೊದಲ ದಿನ ಪೂರ್ತಿ ಹಾಳಾಯಿತು, ತಪ್ಪು ನನ್ನದೇ. ದೊಡ್ಡ ಎಸ್ಟೇಟುಗಳ ಕಾಗದಗಳಿಗೆ ಹಳೇ ಟೈಪು ಮಾಡಿದ ಪಟ್ಟಿಗಳಿವೆ. ಅದರಲ್ಲಿನ ನಂಬರನ್ನು ಬರೆದುಕೊಳ್ಳುವಾಗ ಒಂದು ಅಂಕಿ ತಪ್ಪಿದೆ. ಟ್ರಾಲಿಯಲ್ಲಿ ಬಂದದ್ದು ಕಾಗದಗಳ ಪೆಟ್ಟಿಗೆಯಲ್ಲ, ಎರಡು ಕೈಯಲ್ಲೂ ಎತ್ತಬೇಕಾದ ಒಂದು ಗುತ್ತಿಗೆ ಲೆಕ್ಕದ ಪುಸ್ತಕ. ವಾಪಸು ಕಳಿಸಿ ಬೇರೆ ತರಿಸುವಷ್ಟರಲ್ಲಿ ಹೊತ್ತಾಗುತ್ತಿತ್ತು. ಹೇಗೂ ಬಂದಿದೆ, ಓದೋಣ ಅಂತ ಸ್ಪಂಜಿನ ದಿಂಬಿನ ಮೇಲೆ ಮಲಗಿಸಿ ಬಿಡಿಸಿದೆ. ಹಾವಿನ ಹಾಗೆ ಉದ್ದಕ್ಕೆ ಸೀಸದ ಗುಂಡು ತುಂಬಿದ ಒಂದು ಬಟ್ಟೆಪಟ್ಟಿ ಕೊಡುತ್ತಾರೆ, ಹಾಳೆ ಮಗುಚಿಕೊಳ್ಳದ ಹಾಗೆ ಮೇಲಿಡಲು.

ಹೊಲದ ಹೆಸರು, ಒಕ್ಕಲಿನ ಹೆಸರು, ಕೊಡಬೇಕಾದ ಹಣ, ಕೊಟ್ಟ ಹಣ, ಬಾಕಿ. ಪುಟದಿಂದ ಪುಟಕ್ಕೆ ಇಷ್ಟೇ. ಹೆಸರುಗಳಂತೂ ತಲೆ ಕೆಡಿಸುತ್ತವೆ. ಡೇವಿಡ್ ಇವಾನ್ಸ್, ಇವಾನ್ ಡೇವೀಸ್, ಮತ್ತೆ ಇವಾನ್ ಇವಾನ್ಸ್. ಹಿಂದೆ ವೆಲ್ಷರಿಗೆ ಮನೆತನದ ಹೆಸರಿರಲಿಲ್ಲ, ಮಗನ ಹೆಸರಿಗೆ 'ಆಪ್' ಅಂತ ಸೇರಿಸಿ ಅಪ್ಪನ ಹೆಸರು ಹೇಳುತ್ತಿದ್ದರು. ಇಂಗ್ಲಿಷ್ ಕಾನೂನಿನ ಅಡಿ ಬಂದ ಮೇಲೆ ಅಪ್ಪನ ಹೆಸರೇ ಗಟ್ಟಿಯಾಗಿ ಕೂತಿತು. ಪಾಸ್‌ಪೋರ್ಟ್ ಫಾರಂ ತುಂಬುವಾಗ 'ಸರ್‌ನೇಮ್' ಕಲಮಿನ ಮುಂದೆ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು ಬರೆದ ನನಗೆ ಅವರ ಪಾಡು ಅರ್ಥವಾಗದೆ ಇರುತ್ತದೆಯೆ?

ಬಾಕಿ ಕಾಲಂ ನೋಡುತ್ತಾ ಇನ್ನೊಂದು ನೆನಪಾಯಿತು. 1868ರ ಚುನಾವಣೆಯಲ್ಲಿ ಪಶ್ಚಿಮ ವೇಲ್ಸಿನ ಎಷ್ಟೋ ಒಕ್ಕಲುಗಳು ಜಮೀನ್ದಾರ ಹೇಳಿದವನಿಗೆ ಓಟು ಹಾಕದೆ ಲಿಬರಲ್ ಪಕ್ಷಕ್ಕೆ ಹಾಕಿದರು. ಆಗ ಓಟು ಬಹಿರಂಗ, ಯಾರು ಯಾರಿಗೆ ಹಾಕಿದರು ಅನ್ನುವುದು ಊರಿಗೇ ಗೊತ್ತು. ಹಲವರನ್ನು ಹೊಲದಿಂದ ಎಬ್ಬಿಸಿದರು. ಆ ಗಲಾಟೆ 1872ರಲ್ಲಿ ಗುಪ್ತ ಮತದಾನ ಬರಲು ಒಂದು ಕಾರಣ. ಒಂದು ವರ್ಷ ಇದ್ದ ಒಕ್ಕಲಿನ ಹೆಸರು ಮುಂದಿನ ವರ್ಷ ಯಾಕಿಲ್ಲ ಅನ್ನುವುದಕ್ಕೆ ಇಂಥ ಪುಸ್ತಕಗಳೇ ಸಾಕ್ಷಿ. ಎಸ್ಟೇಟಿನ ಕಾಗದ ಬೇರೆ, ರಾಜಕೀಯದ ಕಾಗದ ಬೇರೆ ಅಂದುಕೊಂಡು ಬಂದಿದ್ದೆ. ಈ ನಾಡಿನಲ್ಲಿ ಒಂದರ ಹೊಟ್ಟೆಯಲ್ಲೇ ಇನ್ನೊಂದು.

ಎರಡನೇ ದಿನ ಬೆಳಗ್ಗೆ ಸರಿಯಾದ ಪೆಟ್ಟಿಗೆ ಬಂತು. ಕಟ್ಟಿದ್ದ ಹತ್ತಿಯ ದಾರ ಬಿಚ್ಚುವಾಗ ಕೈ ಸ್ವಲ್ಪ ನಡುಗಿತು, ಸುಳ್ಳು ಹೇಳಲಾರೆ. ಕಂದು ತಿರುಗಿದ ಮಸಿ. ಓದಲು ಕೂತರೆ ಒಂದಕ್ಷರವೂ ಓಡುವುದಿಲ್ಲ. ಎಸ್ ಅಕ್ಷರ ಎಫ್ ಹಾಗಿರುತ್ತದೆ. ಪದಗಳನ್ನು ಅರ್ಧಕ್ಕೆ ಕತ್ತರಿಸಿ ಕೊನೆಯ ಅಕ್ಷರ ಮೇಲೆ ಏರಿಸಿರುತ್ತಾರೆ. ನಾನು ಮಾಡಿದ್ದು ಇಷ್ಟು: ಓದುವುದನ್ನು ಬಿಟ್ಟು, ಖಂಡಿತ ಗೊತ್ತಿರುವ ಪದಗಳನ್ನು ಮಾತ್ರ ಹುಡುಕಿದೆ. ತಾರೀಖು, 'ಮದ್ರಾಸ್', ಕೊನೆಯ ಸಹಿ. ಅವುಗಳಿಂದ ಅವಳ ಅಕ್ಷರಮಾಲೆ ಒಂದನ್ನು ಪೆನ್ಸಿಲ್ಲಿನಲ್ಲಿ ಬರೆದುಕೊಂಡೆ. ಅವಳ ಎಂ ಹೀಗೆ, ಅವಳ ಆರ್ ಹೀಗೆ. ಒಂದನೇ ಕ್ಲಾಸಿನ ಕಾಪಿ ಪುಸ್ತಕದ ಹಾಗೆ. ಹನ್ನೊಂದೂವರೆ ಹೊತ್ತಿಗೆ ಒಂದು ಸಾಲು ಪೂರ್ತಿ ಬಂತು, ಮಧ್ಯಾಹ್ನದ ಮೇಲೆ ಪ್ಯಾರಾ ಪ್ಯಾರಾ ಬರತೊಡಗಿತು. ಓದಲಾಗದ ಪದಕ್ಕೆ ಊಹೆ ತುಂಬಬಾರದು, ಖಾಲಿ ಬಿಟ್ಟು ಮುಂದೆ ಹೋಗಬೇಕು. ಮೂರು ಕಾಗದ ಮುಗಿಸಿ ಹಿಂದೆ ಬಂದರೆ ಆ ಪದ ತಾನಾಗಿಯೇ ಬಾಯಿ ಬಿಡುತ್ತದೆ.

ಮಾವನ ಆಸೆಯಂತೆ ಯುದ್ಧ, ಕೋಟೆ, ಅರಮನೆಯನ್ನೇ ಹುಡುಕಿಕೊಂಡು ಕೂತಿದ್ದೆ. ಅವಳಿಗೆ ಅದಕ್ಕಿಂತ ಗಿಡ, ಬೀಜ, ಕಲ್ಲು, ಹೆಣ್ಣುಮಕ್ಕಳ ಪಾಠ, ಇವುಗಳದೇ ಚಿಂತೆ. ಮದ್ರಾಸಿನಲ್ಲಿ ಪರ್ಷಿಯನ್ ಕಲಿಯಲು ಕೂತವಳು ಆಕೆ. ಗಂಡ ಸಹಿ ಹಾಕುವ ರಾಜ್ಯದ ಕಾಗದಗಳಲ್ಲಿ ಇದ್ಯಾವುದಕ್ಕೂ ಜಾಗವಿಲ್ಲ. ದೇಶದೊಳಗಿನ ಕಾಗದ ಟಪಾಲಿನ ಓಟಗಾರರ ಹೆಗಲ ಮೇಲೆ ಹೋಗುತ್ತಿತ್ತು. ಇಂಗ್ಲೆಂಡಿಗಾದರೆ ಆಫ್ರಿಕಾ ಸುತ್ತಿ ತಿಂಗಳುಗಟ್ಟಲೆ ಹಡಗು. ಒಂದು ಹಡಗು ಮುಳುಗಿದರೂ ಇನ್ನೊಂದರಲ್ಲಿ ತಲುಪಲಿ ಅಂತ ಅದೇ ಕಾಗದವನ್ನು ಎರಡು ಪ್ರತಿ ಬರೆದು ಕಳಿಸುವ ರೂಢಿ ಆಗ ಇತ್ತು. ನಾವು ವಾಟ್ಸ್ಯಾಪ್‌ನಲ್ಲಿ ನೀಲಿ ಗೀಟು ಬೀಳಲಿಲ್ಲ ಅಂತ ಗೊಣಗುತ್ತೇವೆ.

ಈ ಕಾಗದಗಳು ಉಳಿದದ್ದು ಇವಳು ಹೆನ್ರಿಯೆಟ್ಟಾ ಅಂತಲ್ಲ. ಪಡೆದವರು ಗವರ್ನರ್ ಗಂಡ, ಅರ್ಲ್ ಪದವಿಯ ಅಣ್ಣ. ಗಂಡಸರ ಕಟ್ಟಿನಲ್ಲಿ ಸೇರಿಕೊಂಡದ್ದರಿಂದ ಹೆಣ್ಣಿನ ಮಾತು ಉಳಿಯಿತು. ಇವಳು ಅತ್ತಿಗೆಗೋ ಗೆಳತಿಗೋ ಬರೆದದ್ದರಲ್ಲಿ ಎಷ್ಟು ಒಲೆ ಸೇರಿತೋ.

ಶ್ರೀರಂಗಪಟ್ಟಣದ ಮಟ್ಟಿಗೆ ಹೇಳುವುದಾದರೆ ಮಾವನಿಗೆ ಬೇಕಾದ ಊಟ ಇಲ್ಲಿ ಅರ್ಧ ಎಲೆಯಷ್ಟು ಸಿಕ್ಕಿತು. ಕಿರಿಮಗಳು ಶಾರ್ಲಟ್ ಬರೆದ ಪ್ರಯಾಣದ ದಿನಚರಿಯ ಪ್ರತಿ ಇರುವುದು ಲಂಡನ್ನಿನಲ್ಲಿ. ಆಗ ಅವಳಿಗೆ ಇನ್ನೂ ಹದಿಮೂರು. ಮುಂದೆ ಇದೇ ಹುಡುಗಿ ರಾಜಕುಮಾರಿ ವಿಕ್ಟೋರಿಯಾಗೆ ಗವರ್ನೆಸ್ ಆದಳು.

ಮೂರನೇ ದಿನ ನನ್ನ ಸ್ವಂತದ್ದು. 'ಗಂಡಸಿನ ಹೆಸರಿನ ಹಿಂದೆ ಯಾರಿದ್ದಾರೆ' ಅನ್ನುವ ಹುಳ ತಲೆ ಹೊಕ್ಕಿತ್ತು. 1983ರಲ್ಲಿ ಇಲ್ಲಿ ವೆಲ್ಷ್ ರಾಜಕೀಯ ದಾಖಲೆ ಸಂಗ್ರಹ ಅಂತ ಬೇರೆಯೇ ಶುರು ಮಾಡಿದರು. ಪಕ್ಷಗಳು, ಎಂಪಿಗಳು, ಚಳವಳಿಗಳ ಕಾಗದ ಚದುರಿಹೋಗದ ಹಾಗೆ ಕೂಡಿಹಾಕುವುದು ಅದರ ಕೆಲಸ. ಚುನಾವಣೆ ಬಂದಾಗ ಮನೆಬಾಗಿಲಿಗೆ ಬೀಳುವ ಕರಪತ್ರಗಳನ್ನೂ ಬಿಡುವುದಿಲ್ಲ. ನಾವು ಬಜ್ಜಿಯ ಎಣ್ಣೆ ಒತ್ತಲು ಬಳಸುವ ಕಾಗದ ಅವರಲ್ಲಿ ನಂಬರು ಹಾಕಿಸಿಕೊಂಡು ಪೆಟ್ಟಿಗೆಯಲ್ಲಿ ಮಲಗಿದೆ.

ಗ್ವಿನ್ವರ್ ಇವಾನ್ಸ್ ಕಾಗದಗಳನ್ನು ನೋಡುವ ಆಸೆ ಇತ್ತು. 1966ರ ಕಾರ್ಮಾರ್ಥೆನ್ ಉಪಚುನಾವಣೆಯಲ್ಲಿ ಗೆದ್ದ, ವೇಲ್ಸಿನ ರಾಷ್ಟ್ರೀಯವಾದಿ ಪಕ್ಷವಾದ ಪ್ಲೈಡ್ ಕಮ್ರಿಯ ಮೊದಲ ಎಂಪಿ. 1980ರಲ್ಲಿ, ವೆಲ್ಷ್ ಟೀವಿ ಚಾನೆಲ್ ಕೊಡುವ ಮಾತನ್ನು ಥ್ಯಾಚರ್ ಸರ್ಕಾರ ಮುರಿದಾಗ, ಅಕ್ಟೋಬರಿನಿಂದ ಆಮರಣ ಉಪವಾಸ ಅಂತ ಘೋಷಿಸಿದರು. ಸೆಪ್ಟೆಂಬರಿನಲ್ಲೇ ಸರ್ಕಾರ ಮಣಿಯಿತು, 1982ರ ನವೆಂಬರ್ 1ಕ್ಕೆ ಚಾನೆಲ್ ಶುರುವಾಯಿತು. (ನವೆಂಬರ್ 1! ಆ ವರ್ಷವೇ ನಮ್ಮ ಮಾವ ಗೋಕಾಕ್ ಚಳವಳಿಯ ಮೆರವಣಿಗೆಯಲ್ಲಿ ಗಂಟಲು ಹರಿದುಕೊಂಡು ಮೂರು ದಿನ ಮಾತು ನಿಲ್ಲಿಸಿದ್ದರಂತೆ.) ಇತ್ತೀಚಿನ ರಾಜಕಾರಣಿಗಳ ಪೆಟ್ಟಿಗೆಗಳಲ್ಲಿ ಕೆಲವು ಫೈಲುಗಳ ಮುಂದೆ 'ಮುಚ್ಚಲಾಗಿದೆ' ಅಂತಿರುತ್ತದೆ. ನಾನು ಆರಿಸಿದ ಒಂದಕ್ಕೆ ಹಾಗೇ ಆಯಿತು. ರಹಸ್ಯ ಏನೂ ಅಲ್ಲ. ಪಿಂಚಣಿ ಬಂದಿಲ್ಲ, ಮನೆ ಸೋರುತ್ತಿದೆ ಅಂತ ಎಂಪಿಗೆ ಬರೆದುಕೊಂಡ ಬಡವರ ಕಾಗದಗಳಿರುತ್ತವೆ, ಬರೆದವರು ಬದುಕಿರುತ್ತಾರೆ. ಅವರ ಕಷ್ಟ ನನ್ನ ಓದಿನ ಸರಕಲ್ಲ. ಬೇಜಾರಾದರೂ ಸರಿ ಅನ್ನಿಸಿತು.

ಬದಲಿಗೆ ಲಾಯ್ಡ್ ಜಾರ್ಜ್ ಹೆಂಡತಿ ಮಾರ್ಗರೆಟ್‌ಗೆ ಬರೆದ ಕಾಗದಗಳ ಕಡೆ ಹೋದೆ. ಇಂಗ್ಲಿಷ್ ಮನೆಮಾತಲ್ಲದ ಒಬ್ಬನೇ ಬ್ರಿಟಿಷ್ ಪ್ರಧಾನಿ. ಇಂಗ್ಲಿಷಿನಲ್ಲಿ ಓಡುವ ಸಾಲು ಮುದ್ದು ಮಾಡುವಾಗ ಥಟ್ಟನೆ ವೆಲ್ಷ್‌ಗೆ ಹೊರಳುತ್ತದೆ. ಬೆಂಗಳೂರಿನ ಯಾವ ಗಂಡಹೆಂಡಿರ ಮೆಸೇಜು ನೋಡಿದರೂ ಇದೇ ಕಥೆ. ಗಮನಿಸಬೇಕಾದ್ದು ಬೇರೆ: ಉಳಿದಿರುವುದು ಹೆಚ್ಚಾಗಿ ಆತ ಬರೆದದ್ದು. ಅವಳು ಜೋಪಾನವಾಗಿ ಎತ್ತಿಟ್ಟಳು. ಅವಳು ಬರೆದದ್ದು ಅಷ್ಟು ಉಳಿಯಲಿಲ್ಲ.

ಕೊನೆಯ ಎರಡು ಗಂಟೆ ಟಾಮ್ ಎಲ್ಲಿಸ್ ಅನ್ನುವ ಹೆಸರಿನ ಬೆನ್ನು ಹತ್ತಿದೆ. ವೇಲ್ಸಿನ ದೊಡ್ಡ ಲಿಬರಲ್ ನಾಯಕ, 1899ರಲ್ಲಿ ನಲವತ್ತು ಮುಟ್ಟುತ್ತಲೇ ಸತ್ತವನು. ಮದುವೆಯಾಗಿ ಒಂದು ವರ್ಷ ಆಗಿರಲಿಲ್ಲ, ಹೆಂಡತಿ ಆನಿ ಬಸುರಿ. ಕ್ಯಾಟಲಾಗಿನಲ್ಲಿ ಇವಳನ್ನು ಎಲ್ಲಿಸ್ ಅಂತ ಹುಡುಕಿದರೆ ಅರ್ಧ ದಾರಿಗೇ ಕಳೆದುಹೋಗುತ್ತಾಳೆ. ಹುಟ್ಟುವಾಗ ಡೇವೀಸ್, ಆಮೇಲೆ ಎಲ್ಲಿಸ್, ಎರಡನೇ ಮದುವೆಯಾಗಿ ಹ್ಯೂಸ್ ಗ್ರಿಫಿತ್ಸ್. ಮೂರೂ ಹೆಸರು ಗೊತ್ತಿದ್ದವರಿಗೆ ಮಾತ್ರ ಅವಳು ಪೂರ್ತಿ ಸಿಗುತ್ತಾಳೆ. ಮೊದಲ ಮಹಾಯುದ್ಧ ಮುಗಿದ ಮೇಲೆ ವೇಲ್ಸಿನ ಹೆಂಗಸರು ಮನೆಮನೆ ತಿರುಗಿ 3,90,296 ಸಹಿ ಕೂಡಿಸಿದರು. ಅಮೆರಿಕ ರಾಷ್ಟ್ರಸಂಘಕ್ಕೆ ಸೇರಲಿ, ಇನ್ನು ಯುದ್ಧ ಬೇಡ ಅಂತ ಅಲ್ಲಿನ ಹೆಂಗಸರಿಗೆ ಬರೆದ ಮನವಿ. 1924ರಲ್ಲಿ ಅದನ್ನು ಓಕ್ ಮರದ ಪೆಟ್ಟಿಗೆಯಲ್ಲಿಟ್ಟು ಹಡಗಿನಲ್ಲಿ ಒಯ್ದ ತಂಡದ ಮುಖ್ಯಸ್ಥೆ ಈ ಆನಿ. ಶ್ವೇತಭವನಕ್ಕೆ ಹೋಗಿ ಅಧ್ಯಕ್ಷ ಕೂಲಿಜ್‌ರನ್ನು ಕಂಡು ಬಂದಳು. ಆ ಪ್ರಯಾಣದ ಅವಳ ದಿನಚರಿ ಇದೇ ಕಟ್ಟಡದಲ್ಲಿದೆ. ಅಮೆರಿಕದಲ್ಲೇ ಉಳಿದಿದ್ದ ಪೆಟ್ಟಿಗೆ 2023ರಲ್ಲಿ ಇಲ್ಲಿಗೆ ವಾಪಸು ಬಂತು. ಹೆಸರು, ವಿಳಾಸ, ಹೆಸರು, ವಿಳಾಸ. ಇಲ್ಲಿ ಯಾವ ಹೆಂಗಸನ್ನೂ ಗಂಡನ ಮೂಲಕ ಹುಡುಕಬೇಕಾಗಿಲ್ಲ. ಅವಳ ಕೈಬರಹದಲ್ಲೇ ಅವಳಿದ್ದಾಳೆ. ಜನ ಈಗಲೂ ಮುತ್ತಜ್ಜಿಯ ಸಹಿ ಹುಡುಕುತ್ತಾರಂತೆ.

ಭಾನುವಾರ ಮಾವನಿಗೆ ಫೋನು ಮಾಡಿದೆ.

"ಫೋಟೋ ತೆಗ್ದಿದ್ದೀಯ?"

"ತೆಗ್ದಿದ್ದೀನಿ ಮಾವ. ಫ್ಲಾಶ್ ಇಲ್ದೆ."

"ಮತ್ಯಾಕೆ ತಡ? ನಮ್ಮ ಇತಿಹಾಸ ಗ್ರೂಪಿಗೆ ಹಾಕ್ಬಿಡವ್ವ."

"ಆಗಲ್ಲ ಮಾವ. ಸ್ವಂತ ಓದಿಗೆ ಮಾತ್ರ, ಎಲ್ಲೂ ಹಂಚಲ್ಲ ಅಂತ ಸಹಿ ಮಾಡಿ ಕೊಟ್ಟಿದ್ದೀನಿ."

ಆ ಕಡೆ ಸ್ವಲ್ಪ ಹೊತ್ತು ಫ್ಯಾನಿನ ಸದ್ದು ಮಾತ್ರ. ಆಮೇಲೆ ಕುರ್ಚಿ ಎಳೆದದ್ದು ಕೇಳಿಸಿತು, ಅತ್ತೆಯನ್ನು ಕೂಗಿ ಕನ್ನಡಕ ತರಿಸಿಕೊಂಡರು.

"ಸರಿ. ಓದು, ನಾನು ಬರ್ಕೊತೀನಿ. ನಿಧಾನಕ್ಕೆ. ಖಾಲಿ ಬಿಟ್ಟಿರೋ ಜಾಗದಲ್ಲಿ ಖಾಲಿ ಅಂತ ಹೇಳು."

ನಾನು ಪೆನ್ಸಿಲ್ಲಿನ ನೋಟ್‌ಬುಕ್ ತೆರೆದೆ. ಮಾವ ಪೆನ್ನಿನ ಟೋಪಿ ತೆಗೆದರು.